ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯವನ್ನು ನೋಡುವ ಬಗೆ

ಇತಿಹಾಸವೆಂದೊಡನೆ ನಮ್ಮಂತಹ ಕಲಾ ವಿಭಾಗದ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ರಾಜರು, ಯುದ್ಧಗಳು, ಶಾಸನಗಳು, ಅವುಗಳ ಹಿಂದೆಯೇ ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾದ ಇಸವಿಗಳು. ಹುಲಿಗೂ ಕಪ್ಪೆಗೂ ಹಲಸಿನ ಮರಕ್ಕೂ ಒಂದು ಇತಿಹಾಸವುಂಟು ಎಂದು ಯಾರಾದರೂ ಹೇಳಿದರೆ ಮೊದಲಿಗೆ ನಗು ಬಂದರೂ ಬರಬಹುದು. ಆದರೆ ಪದದ ಮೂಲವನ್ನು ವಿಚಾರಿಸಿದರೆ ಈ ನಗುವಿಗೆ ಕಾರಣವಿಲ್ಲವೆಂದು ತಿಳಿಯುತ್ತದೆ. 'ಇತಿ ಹ ಆಸ' ಎಂದರೆ 'ಹೀಗೆ ಇದ್ದಿತು' ಎಂದರ್ಥ. ಇಂಗ್ಲಿಷರ 'ಹಿಸ್ಟರಿ' ಎಂಬ ಮಾತಿಗೆ ಮೂಲವಾದ ಗ್ರೀಕ್ ಪದಕ್ಕೆ 'ವಿಚಾರಿಸಿ ತಿಳಿದುಕೊಳ್ಳುವುದು' ಎಂಬ ಅರ್ಥವಿದೆ. ಪ್ರಾಚೀನ ಗ್ರೀಸಿನ ಅರಿಸ್ಟಾಟಲನು ಪ್ರಾಣಿಗಳನ್ನು ಕುರಿತು ಬರೆದ ಗ್ರಂಥಕ್ಕೆ ಇದೇ ಪದ ಸಂದಿತು. ರೋಮಿನ ಪ್ಲಿನಿಯು ಪ್ರಪಂಚದ ಸಕಲ ವಸ್ತುಗಳನ್ನೂ ವಿವರಿಸಿ ಬರೆದ 37 ಭಾಗಗಳ ಮಹಾಗ್ರಂಥಕ್ಕೂ 'ನಿಸರ್ಗ ಚರಿತ್ರೆ' ಎಂದೇ ಹೆಸರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯು ಸಿಡಿದಾಗ ಆತನು ಆ ಪ್ರದೇಶದಲ್ಲಿಯೇ ಪ್ರಾಣ ಬಿಟ್ಟನು. ಆದುದರಿಂದ ನಿಸರ್ಗ ಚರಿತ್ರೆಯೆಂಬುದು ವಿಜ್ಞಾನ ವಿಭಾಗದವರ ಸ್ವಂತ ಆಸ್ತಿಯೇನೂ ಅಲ್ಲ. ವಿಚಾರಿಸಿ ತಿಳಿಯುವ ಮನಸ್ಸುಳ್ಳ ಎಲ್ಲರಿಗೂ ಅದರಲ್ಲಿ ಪಾಲುಂಟು.

ಈ ಧೈರ್ಯದಿಂದಲೇ ನಾನು ಈ ಲೇಖನವನ್ನು ಬರೆಯಲು ಹೊರಟಿರುವೆನು. ನಾನು ಕೊಪ್ಪ ತಾಲ್ಲೂಕಿನ ನಾರ್ವೆಯವನು. ಅಡಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ, ಮಳೆಗಾಲ, ಉಂಬಳ ಇವುಗಳ ನಡುವೆ ಬೆಳೆದವನು. ನಮ್ಮ ಕಾಲೇಜಿನ ಶೈಕ್ಷಣಿಕ ಪ್ರವಾಸದಲ್ಲಿ ಮೈಸೂರಿನ ಪ್ರಾದೇಶಿಕ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯವನ್ನು ನೋಡುವ ಅವಕಾಶವು ನನಗೆ ದೊರೆಯಿತು. ಅಲ್ಲಿ ಕಂಡುದನ್ನೆಲ್ಲ ಪಟ್ಟಿ ಮಾಡುವುದು ನನ್ನ ಉದ್ದೇಶವಲ್ಲ. ಇಂತಹ ಸ್ಥಳವನ್ನು ಯಾವ ಪ್ರಶ್ನೆಗಳನ್ನಿಟ್ಟುಕೊಂಡು ನೋಡಬೇಕು, ನೋಡಿದುದರಿಂದ ಮಲೆನಾಡಿನ ವಿದ್ಯಾರ್ಥಿಗಳಾದ ನಮಗೆ ಆಗುವ ಪ್ರಯೋಜನವೇನು ಎಂಬುದನ್ನಷ್ಟೇ ವಿವರಿಸುತ್ತೇನೆ.

ಸಂಸ್ಥೆಯ ಪರಿಚಯ

ನಮ್ಮ ನಾಡಿಗೆ ವಸ್ತುಸಂಗ್ರಹಾಲಯಗಳು ಹೊಸವಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವು 1865ರಲ್ಲಿಯೇ ಸ್ಥಾಪಿತವಾಯಿತು. ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯನು ಅದರ ಹುಟ್ಟಿಗೆ ಕಾರಣನು. ಆದರೆ ಪ್ರಕೃತಿಯೊಂದನ್ನೇ ವಿಷಯವಾಗಿ ಉಳ್ಳ ಸಂಗ್ರಹಾಲಯಗಳು ನಮ್ಮ ದೇಶದಲ್ಲಿ ಬೆಳೆದದ್ದು ಈಚೆಗೆ. ದೆಹಲಿಯ ರಾಷ್ಟ್ರೀಯ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯವು 1978ರ ಜೂನ್ 5ರಂದು, ವಿಶ್ವ ಪರಿಸರ ದಿನದಂದು ಪ್ರಾರಂಭವಾಯಿತು. ಅದರ ಶಾಖೆಯಾಗಿ ದಕ್ಷಿಣ ಭಾರತದ ಸಸ್ಯ, ಪ್ರಾಣಿ ಮತ್ತು ಭೂಸಂಪತ್ತನ್ನು ಪರಿಚಯ ಮಾಡಿಕೊಡುವುದಕ್ಕಾಗಿ ಮೈಸೂರಿನ ಸಂಗ್ರಹಾಲಯವು 1995ರ ಮೇ 20ರಂದು ತೆರೆಯಿತು. ಆಮೇಲೆ ಭೂಪಾಲ, ಭುವನೇಶ್ವರ ಮತ್ತು ಸವಾಯಿ ಮಾಧೋಪುರಗಳಲ್ಲಿಯೂ ಇಂತಹ ಶಾಖೆಗಳಾದವು.

ಮೈಸೂರಿನ ಸಂಗ್ರಹಾಲಯವು ಇರುವ ಸ್ಥಳವೇ ಒಂದು ಪಾಠ. ಕಾರಂಜಿ ಕೆರೆಯ ದಂಡೆ, ಎದುರಿಗೆ ಚಾಮುಂಡಿ ಬೆಟ್ಟ. ಕೆರೆಯಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು, ನೀರುಕಾಗೆಗಳು. ಒಳಗೆ ಜೀವವೈವಿಧ್ಯ, ಉಷ್ಣವಲಯದ ಕಾಡುಗಳು, ಯುಗಯುಗಗಳಲ್ಲಿ ನಡೆದುಬಂದ ಜೀವ, ಪ್ರಕೃತಿಯ ಪರಸ್ಪರ ಸಂಬಂಧದ ಜಾಲ ಎಂಬ ವಿಷಯಗಳಿಗೆ ಮೀಸಲಾದ ವಿಭಾಗಗಳು. ಮಕ್ಕಳು ವಸ್ತುಗಳನ್ನು ಕೈಯಿಂದ ಮುಟ್ಟಿ, ತಿರುಗಿಸಿ ನೋಡಿ ಕಲಿಯಲೆಂದು ಒಂದು ಕೊಠಡಿಯೂ ಉಂಟು.

ನಾವು ಮಳೆಕಾಡಿನ ಮಾದರಿಯ ಮುಂದೆ ನಿಂತಿದ್ದಾಗ ಕೊಪ್ಪದ ಕಡೆಯವನೇ ಆದ ನನ್ನ ಸಹಪಾಠಿಯೊಬ್ಬನು, "ಅಲ್ಲ ಮಾರಾಯ, ಇದನ್ನು ನೋಡುವುದಕ್ಕೆ ಇಷ್ಟು ದೂರ ಬರಬೇಕಾಗಿತ್ತೇ? ನಿಮ್ಮ ತೋಟದ ಮೇಲಿನ ಕಾಡಿಗೆ ಹೋಗಿದ್ದರೆ ಇದೆಲ್ಲ ಬಿಟ್ಟಿಯಾಗಿಯೇ ಸಿಗುತ್ತಿತ್ತಲ್ಲ!" ಎಂದನು. ಸುತ್ತಲಿದ್ದವರೆಲ್ಲ ನಕ್ಕರು. ಪ್ರಶ್ನೆಯು ತಮಾಷೆಯದಾದರೂ ಉತ್ತರವಿಲ್ಲದೆ ಬಿಡತಕ್ಕದ್ದಲ್ಲ. ಕಾಡಿನಲ್ಲಿ ಸಿಗದ ಯಾವುದು ಸಂಗ್ರಹಾಲಯದಲ್ಲಿ ಸಿಗುತ್ತದೆ? ಇದಕ್ಕೆ ನಾಲ್ಕು ಉತ್ತರಗಳು ನನಗೆ ತೋರಿವೆ.

ಒಂದು: ಬಂಧುತ್ವ

ಮೊದಲನೆಯದು ಹೆಸರು ಮತ್ತು ಬಂಧುತ್ವದ ಪಾಠ. ಹಳ್ಳಿಯವರಾದ ನಮಗೆ ಪ್ರಾಣಿಗಳ ಹೆಸರುಗಳು ಗೊತ್ತು. ಆದರೆ ಆ ಹೆಸರುಗಳು ಹುಟ್ಟಿರುವುದು ಬಹುಮಟ್ಟಿಗೆ ರೂಪದ ಹೋಲಿಕೆಯಿಂದ. ಮುಳ್ಳುಹಂದಿಯು ಹಂದಿಯ ಜಾತಿಗೆ ಸೇರಿದುದಲ್ಲ. ಹಲ್ಲುಗಳನ್ನು ನೋಡಿದರೆ ಅದು ಇಲಿ ಅಳಿಲುಗಳ ಬಳಗದ್ದು. ಚಿಪ್ಪುಹಂದಿಯಂತೂ ಹಂದಿಯೂ ಅಲ್ಲ, ಇಲಿಯೂ ಅಲ್ಲ. ಹಲ್ಲೇ ಇಲ್ಲದೆ ಉದ್ದ ನಾಲಗೆಯಿಂದ ಇರುವೆ ಗೆದ್ದಲುಗಳನ್ನು ತಿಂದು ಬದುಕುವ ಅದಕ್ಕೆ ಪ್ರತ್ಯೇಕವಾದ ಒಂದು ಗಣವೇ ಇದೆ. ನೀರುನಾಯಿಯು ನಾಯಿಯಲ್ಲ, ಪುನುಗಿನ ಬೆಕ್ಕು ಬೆಕ್ಕಲ್ಲ, ಕಾಡುಕುರಿಯು ಕುರಿಯಲ್ಲ. ಕೊನೆಯದು ಜಿಂಕೆಯ ವಂಶದ್ದು. ನಾವು ಕಾಟಿಯೆನ್ನುವ ಪ್ರಾಣಿಯನ್ನು ಕೆಲವರು ಕಾಡೆಮ್ಮೆಯೆಂದು ಕರೆಯುತ್ತಾರೆ. ವಂಶವನ್ನು ನೋಡಿದರೆ ಅದು ಎಮ್ಮೆಗಿಂತ ನಮ್ಮ ಕೊಟ್ಟಿಗೆಯ ಹಸುವಿಗೇ ಹತ್ತಿರದ ನೆಂಟ.

ಸ್ವೀಡನ್ ದೇಶದ ಲಿನೇಯಸನು ಹದಿನೆಂಟನೆಯ ಶತಮಾನದಲ್ಲಿ ಪ್ರತಿಯೊಂದು ಜೀವಿಗೂ ಎರಡು ಪದಗಳ ಹೆಸರನ್ನು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದನು. ಪ್ರಾಣಿಗಳ ನಾಮಕರಣಕ್ಕೆ 1758ರಲ್ಲಿ ಹೊರಬಂದ ಆತನ ಗ್ರಂಥದ ಹತ್ತನೆಯ ಆವೃತ್ತಿಯೇ ಇಂದಿಗೂ ಆರಂಭದ ಗೆರೆ. ಎರಡು ಪದಗಳಲ್ಲಿ ಮೊದಲನೆಯದು ಮನೆತನದ ಹೆಸರಿದ್ದಂತೆ, ಎರಡನೆಯದು ವ್ಯಕ್ತಿಯ ಹೆಸರಿದ್ದಂತೆ. ಹಲಸಿಗೂ ಹೆಬ್ಬಲಸಿಗೂ ಮೊದಲನೆಯ ಪದವು ಆರ್ಟೋಕಾರ್ಪಸ್ ಎಂದು ಒಂದೇ. ಇಲ್ಲಿ ನಮ್ಮ ಹಿರಿಯರ ಹೆಸರೂ ವಿಜ್ಞಾನಿಗಳ ಹೆಸರೂ ಒಂದೇ ಬಂಧುತ್ವವನ್ನು ಹೇಳುತ್ತವೆ. ಆದರೆ ಉಪ್ಪಾಗೆ ಮತ್ತು ಮುರುಗಲು ಎಂಬ ಹೆಸರುಗಳನ್ನು ಕೇಳಿದರೆ ಅವೆರಡೂ ಗಾರ್ಸೀನಿಯ ಎಂಬ ಒಂದೇ ಮನೆತನದವೆಂದು ಯಾರಿಗೂ ಹೊಳೆಯಲಾರದು. ಒಂದನ್ನು ಒಣಗಿಸಿ ಹುಳಿಗೆ ಬಳಸುತ್ತೇವೆ, ಇನ್ನೊಂದರಿಂದ ಬೇಸಗೆಯಲ್ಲಿ ಪಾನಕ ಮಾಡುತ್ತೇವೆ. ಎರಡರ ಹುಳಿಯೂ ಒಂದೇ ಮನೆಯದು.

ಇದರಿಂದ ಹಳ್ಳಿಯ ಹೆಸರುಗಳು ಹುಸಿಯೆಂದು ತಿಳಿಯಬಾರದು. ಅವು ರೂಪವನ್ನು, ಉಪಯೋಗವನ್ನು, ರುಚಿಯನ್ನು ಹೇಳುತ್ತವೆ. ವಿಜ್ಞಾನದ ಹೆಸರು ವಂಶವನ್ನು ಹೇಳುತ್ತದೆ. ಎರಡನ್ನೂ ಬಲ್ಲವನಿಗೆ ಆ ಜೀವಿಯು ಹೆಚ್ಚು ಪೂರ್ಣವಾಗಿ ಗೊತ್ತು. ಒಂದನ್ನು ಕಲಿಯುವಾಗ ಇನ್ನೊಂದನ್ನು ಮರೆತರೆ ಅದು ನಷ್ಟವೇ ಸರಿ.

ಎರಡು: ಸಂಬಂಧ

ಎರಡನೆಯದು ಸಂಬಂಧಗಳ ಪಾಠ. ಹಿಂದಿನ ಕಾಲದ ಸಂಗ್ರಹಾಲಯಗಳಲ್ಲಿ ಪ್ರಾಣಿಗಳನ್ನು ಕಪಾಟುಗಳಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಬರಬರುತ್ತ ಬೇರೊಂದು ರೀತಿಯು ಬಳಕೆಗೆ ಬಂದಿತು. ಹಿಂಬದಿಯ ಬಾಗಿದ ಗೋಡೆಯ ಮೇಲೆ ದೂರದ ಬೆಟ್ಟ ಆಕಾಶಗಳ ಚಿತ್ರ, ಮುಂಬದಿಯಲ್ಲಿ ನೆಲ, ಮರ, ಬಳ್ಳಿ, ಅವುಗಳ ನಡುವೆ ಪ್ರಾಣಿ, ಎಲ್ಲದರ ಮುಂದೆ ಗಾಜು. ಇದನ್ನು ಡಯೊರಾಮ ಎನ್ನುತ್ತಾರೆ. ಈ ಕಲೆಯನ್ನು ಬೆಳೆಸಿದವರಲ್ಲಿ ಅಮೆರಿಕದ ಕಾರ್ಲ್ ಏಕ್ಲಿಯು ಪ್ರಮುಖನು. ನ್ಯೂಯಾರ್ಕಿನಲ್ಲಿ ಆತನು ಯೋಜಿಸಿದ ಆಫ್ರಿಕದ ಪ್ರಾಣಿಗಳ ಭವನವು, ಆತನು 1926ರಲ್ಲಿ ತೀರಿಕೊಂಡ ಹತ್ತು ವರ್ಷಗಳ ಮೇಲೆ, 1936ರಲ್ಲಿ ತೆರೆಯಿತು. ಡಯೊರಾಮದ ಗುಣವೇನೆಂದರೆ, ಪ್ರಾಣಿಯನ್ನು ಅದರ ಮನೆಯಿಂದ ಬೇರ್ಪಡಿಸಿ ನೋಡಲು ಅದು ಬಿಡುವುದಿಲ್ಲ.

ಮಂಗಟ್ಟೆ ಹಕ್ಕಿಯನ್ನೇ ತೆಗೆದುಕೊಳ್ಳಿ. ಅದರ ಹೆಣ್ಣು ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಬಾಯಿಯನ್ನು ಮೆತ್ತಿ ಮುಚ್ಚಿಕೊಂಡು, ಒಂದು ಸಣ್ಣ ಸೀಳನ್ನಷ್ಟೇ ಉಳಿಸಿ ಮೊಟ್ಟೆಯಿಡುತ್ತದೆ. ಗಂಡು ಹೊರಗಿನಿಂದ ಆ ಸೀಳಿನ ಮೂಲಕ ಹಣ್ಣನ್ನು ಉಣಿಸುತ್ತದೆ. ತಿಂದ ಹಣ್ಣಿನ ಬೀಜಗಳನ್ನು ದೂರದೂರ ಬೀಳಿಸಿ ಕಾಡನ್ನು ಬೆಳೆಸುತ್ತದೆ. ಪೊಟರೆಯಿರುವ ಹಳೆಯ ಮರವಿಲ್ಲದಿದ್ದರೆ ಹಕ್ಕಿಗೆ ಬಾಣಂತಿ ಕೋಣೆಯಿಲ್ಲ. ಹಕ್ಕಿಯಿಲ್ಲದಿದ್ದರೆ ಎಷ್ಟೋ ಮರಗಳ ಬೀಜಕ್ಕೆ ಪ್ರಯಾಣವಿಲ್ಲ. ಸಂಗ್ರಹಾಲಯದಲ್ಲಿ ಬಾಣದ ಗುರುತುಗಳಿಂದ ತೋರಿಸುವ ಇಂತಹ ಸರಪಳಿಯು ನಮ್ಮ ಮನೆಯಲ್ಲಿಯೂ ಉಂಟು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ತೋಟದ ಅಡಕೆ ಸಂತೆಗೆ, ಸಂತೆಯ ಹಣ ಕಾಲೇಜಿನ ಶುಲ್ಕಕ್ಕೆ. ಬೆಟ್ಟವು ಬೋಳಾದರೆ ಸರಪಳಿಯ ಕೊನೆಯ ಕೊಂಡಿಯಾದ ನಾನೂ ಬೀಳುತ್ತೇನೆ.

ಸಂಬಂಧದ ಪಾಠವು ಎಷ್ಟು ಗಂಭೀರವಾದುದೆಂಬುದಕ್ಕೆ ಮಂಗನ ಕಾಯಿಲೆಗಿಂತ ದೊಡ್ಡ ಉದಾಹರಣೆಯು ನಮಗೆ ಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳುತ್ತಿದ್ದುದೂ ಜನರಿಗೆ ತೀವ್ರವಾದ ಜ್ವರ ಬರುತ್ತಿದ್ದುದೂ ಕಂಡುಬಂದಿತು. ಆಫ್ರಿಕ, ಅಮೆರಿಕ ಖಂಡಗಳ ಹಳದಿ ಜ್ವರವು ನಮ್ಮ ದೇಶಕ್ಕೂ ಬಂದಿತೋ ಎಂಬ ಭಯವು ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಪರೀಕ್ಷಿಸಿ, ಇದು ಹಿಂದೆಂದೂ ತಿಳಿಯದಿದ್ದ ಬೇರೆಯೇ ವೈರಸ್ ಎಂದೂ ಇದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು ಎಂದೂ ಕಂಡುಹಿಡಿದರು. ಕಾಡಿನಲ್ಲಿ ಉಣುಗುಗಳ ಜಾತಿಗಳು ಹಲವಿವೆ. ಅವುಗಳಲ್ಲಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬುದೇ ಮುಖ್ಯ ಅಪರಾಧಿಯೆಂದು ಹೇಳಬೇಕಾದರೆ, ಆ ಜಾತಿಯನ್ನು ಮತ್ತೊಂದರಿಂದ ಬೇರ್ಪಡಿಸಿ ಗುರುತಿಸುವ ವಿದ್ಯೆಯು ಮೊದಲೇ ಇರಬೇಕಲ್ಲವೇ? ಸೂಜಿಯ ಮೊನೆಯಷ್ಟು ಹುಳುಗಳನ್ನು ಸಂಗ್ರಹಿಸಿ, ಹೆಸರಿಟ್ಟು, ಸೀಸೆಯಲ್ಲಿ ಕಾಪಾಡಿದವರ ಕೆಲಸವು ಒಂದು ಕಾಲಕ್ಕೆ ಹುಚ್ಚಿನಂತೆ ಕಂಡಿದ್ದರೂ ಇನ್ನೊಂದು ಕಾಲಕ್ಕೆ ಜೀವವನ್ನುಳಿಸುವ ಕೆಲಸವಾಯಿತು.

ಈ ರೋಗದಲ್ಲಿ ಮುಸಿಯ, ಮಂಗ, ಕಾಡಿನ ಇಲಿ, ಹಕ್ಕಿ, ಉಣುಗು, ಮನುಷ್ಯ ಎಲ್ಲರೂ ಒಂದೇ ಬಲೆಯಲ್ಲಿದ್ದಾರೆ. ಮೇಯಲು ಹೋದ ದನಗಳೂ ಬೆಳೆದ ಉಣುಗುಗಳಿಗೆ ರಕ್ತವನ್ನೊದಗಿಸಿ ಅವುಗಳ ಸಂತತಿಯನ್ನು ಹೆಚ್ಚಿಸುತ್ತವೆ. ಮಳೆ ನಿಂತು ಕಾಡು ಒಣಗುವ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಎಂದರೆ ನಾವು ದರಗು ಸೌದೆಗಳಿಗಾಗಿ ಕಾಡಿಗೆ ಹೋಗುವ ದಿನಗಳಲ್ಲಿಯೇ, ಅಪಾಯವು ಹೆಚ್ಚು. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ತಾಲ್ಲೂಕುಗಳಲ್ಲಿಯೂ ಈ ರೋಗವು ಕಾಣಿಸಿಕೊಂಡು ಜೀವಗಳನ್ನು ಕೊಂಡೊಯ್ದಿದೆ. ಕಾಡಿನಲ್ಲಿ ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಕೂಡಲೇ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಮಂಗನ ಸಾವು ಊರಿಗೆ ಬರುವ ಎಚ್ಚರಿಕೆಯ ಕಾಗದ. ಅದನ್ನು ಓದಲು ಬಂದರೆ ನಿಸರ್ಗ ಚರಿತ್ರೆಯ ಮೊದಲನೆಯ ಪಾಠವು ಬಂದಂತೆ.

ಮೂರು: ಕಾಲ

ಮೂರನೆಯದು ಕಾಲದ ಪಾಠ. ನಮ್ಮ ಪಠ್ಯಪುಸ್ತಕದ ಇತಿಹಾಸದಲ್ಲಿ ಎರಡು ಸಾವಿರ ವರ್ಷಗಳೆಂದರೆ ಬಹಳ ಹಳೆಯ ಮಾತು. ಕರ್ನಾಟಕದ ನೆಲದಡಿಯ ಹಳೆಯ ಶಿಲೆಗಳಿಗಾದರೋ ಸುಮಾರು 300 ಕೋಟಿ ವರ್ಷಗಳ ವಯಸ್ಸು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು ಅಂತಹುದೇ. ಆ ಲೆಕ್ಕದಲ್ಲಿ ಮನುಷ್ಯನ ರಾಜ್ಯಗಳೆಲ್ಲ ನಿನ್ನೆಯ ಸಂಜೆ ಬಿದ್ದ ಮಳೆಯಿದ್ದಂತೆ.

ಇಷ್ಟು ದೀರ್ಘವಾದ ಕಾಲವನ್ನು ಅಂಕಿಯಿಂದ ಹೇಳಿದರೆ ಮನಸ್ಸಿಗೆ ಹಿಡಿಯುವುದಿಲ್ಲ. ಒಂದು ಕಪ್ಪೆಯಿಂದ ಹೇಳಿದರೆ ಹಿಡಿಯಬಹುದು. ಕೇರಳದ ಸಹ್ಯಾದ್ರಿಯಲ್ಲಿ ನೇರಳೆ ಬಣ್ಣದ, ಊದಿದ ಮೈಯ, ಮೊನೆಯಾದ ಮೂತಿಯ ಒಂದು ಕಪ್ಪೆಯಿದೆ. ವರ್ಷದ ಬಹುಭಾಗವನ್ನು ನೆಲದೊಳಗೆ ಕಳೆದು, ಮುಂಗಾರಿನ ಆರಂಭದಲ್ಲಿ ಕೆಲವೇ ದಿನ ಸಂತಾನಕ್ಕಾಗಿ ಹೊರಗೆ ಬರುತ್ತದೆ. 2003ರಲ್ಲಿ ಎಸ್. ಡಿ. ಬಿಜು ಮತ್ತು ಫ್ರಾಂಕಿ ಬೋಸಾಯ್ತ್ ಎಂಬ ವಿಜ್ಞಾನಿಗಳು ಅದನ್ನು ಲೋಕಕ್ಕೆ ಪರಿಚಯಿಸಿ, ಸಹ್ಯಾದ್ರಿಯ ಹೆಸರನ್ನೇ ಸೇರಿಸಿ ನಾಸಿಕಾಬಟ್ರಾಕಸ್ ಸಹ್ಯಾದ್ರೆನ್ಸಿಸ್ ಎಂದು ನಾಮಕರಣ ಮಾಡಿದರು. ಇದರ ಕುಟುಂಬಕ್ಕೆ ಹತ್ತಿರದ ಬಂಧುಗಳಿರುವುದು ಭಾರತದಲ್ಲಿ ಅಲ್ಲ. ಹಿಂದೂ ಮಹಾಸಾಗರದ ಆಚೆಯ ಸೇಶೆಲ್ಸ್ ದ್ವೀಪಗಳಲ್ಲಿ!

ಉಪ್ಪುನೀರಿನ ಕಡಲನ್ನು ಕಪ್ಪೆಯು ಈಜಿ ದಾಟಿತೇ? ಹಾಗಲ್ಲ. ದಾಟಿದ್ದು ಕಪ್ಪೆಯಲ್ಲ, ನೆಲ. ಭಾರತ, ಮಡಗಾಸ್ಕರ್ ಮತ್ತು ಸೇಶೆಲ್ಸ್‌ಗಳು ಒಂದು ಕಾಲಕ್ಕೆ ಒಂದೇ ಭೂಭಾಗವಾಗಿದ್ದವು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬೇರೆಯಾಯಿತು. ಆ ಮೇಲೆ ಸುಮಾರು 6½ ಕೋಟಿ ವರ್ಷಗಳ ಹಿಂದೆ ಸೇಶೆಲ್ಸ್ ಹಿಂದೆ ಉಳಿಯಿತು. ನಮ್ಮ ನೆಲವು ಉತ್ತರಕ್ಕೆ ಸರಿಯುತ್ತ ಬಂದು ಏಷ್ಯಕ್ಕೆ ತಾಗಿ ಹಿಮಾಲಯವನ್ನು ಎಬ್ಬಿಸಿತು. ಒಂದೇ ಮನೆಯ ಅಣ್ಣತಮ್ಮಂದಿರು ಪಾಲಾದಂತೆ ಕಪ್ಪೆಯ ವಂಶವೂ ಎರಡಾಯಿತು. ತಾಮ್ರಶಾಸನವು ಒಂದು ದಾನವನ್ನು ಸಾಕ್ಷಿ ಹೇಳುವ ಹಾಗೆ ಈ ಜೀವಂತ ಕಪ್ಪೆಯು ಖಂಡಗಳ ಪ್ರಯಾಣವನ್ನು ಸಾಕ್ಷಿ ಹೇಳುತ್ತದೆ. ಇದು ಇತಿಹಾಸವಲ್ಲದೆ ಮತ್ತೇನು?

ನಾಲ್ಕು: ಚೀಟಿ

ನಾಲ್ಕನೆಯ ಪಾಠವು ಎಲ್ಲಕ್ಕಿಂತ ಸಣ್ಣದಾಗಿ ಕಾಣುವಂತಹುದು, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಅದು ಪ್ರತಿಯೊಂದು ವಸ್ತುವಿನೊಡನೆ ಇರಬೇಕಾದ ಚೀಟಿ. ಯಾವ ಜೀವಿ, ಎಲ್ಲಿ ದೊರೆಯಿತು, ಯಾವ ದಿನ, ಯಾರು ಕಂಡವರು ಎಂಬ ನಾಲ್ಕು ಸಂಗತಿಗಳು ಬರೆದಿಲ್ಲದ ಮಾದರಿಯು ಬರಿಯ ಅಲಂಕಾರ. ಬರೆದಿದ್ದರೆ ಅದು ದಾಖಲೆ.

ಮೈಸೂರು ನಗರದಲ್ಲಿಯೇ ಈ ಭೇದವನ್ನು ಸ್ಪಷ್ಟವಾಗಿ ತಿಳಿಯಬಹುದು. ಸತ್ತ ಪ್ರಾಣಿಗಳ ಚರ್ಮವನ್ನು ಹದಮಾಡಿ ಜೀವವಿದ್ದಂತೆ ನಿಲ್ಲಿಸುವ ಕಲೆಗೆ ಮೈಸೂರಿನ ವಾನ್ ಇಂಗೆನ್ ಮನೆತನದ ಕಾರ್ಯಾಗಾರವು ಜಗತ್ಪ್ರಸಿದ್ಧವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ರಾಜರು, ಜಮೀನ್ದಾರರು, ಆಂಗ್ಲ ಅಧಿಕಾರಿಗಳು ಬೇಟೆಯಾಡಿದ ಸಾವಿರಾರು ಹುಲಿ ಚಿರತೆಗಳು ಅಲ್ಲಿ ರೂಪುಗೊಂಡು ಅರಮನೆ ಬಂಗಲೆಗಳ ಗೋಡೆಯನ್ನೇರಿದವು. ಕೈಚಳಕದಲ್ಲಿ ಅವು ಅದ್ಭುತ. ಆದರೆ ಅವು ಹೇಳುತ್ತಿದ್ದುದು ಬಹುಮಟ್ಟಿಗೆ ಕೊಂದವನ ಕಥೆಯನ್ನು. ಸಂಗ್ರಹಾಲಯದ ಮಾದರಿಯು ಹೇಳುವುದು ಪ್ರಾಣಿಯ ಕಥೆಯನ್ನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಆ ಯುಗವು ಮುಗಿಯಿತು. 1973ರಲ್ಲಿ ಹುಲಿ ಯೋಜನೆಯು ಪ್ರಾರಂಭವಾದಾಗ ಮೊದಲನೆಯ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದಾಗಿತ್ತು. ನಮ್ಮ ನೆರೆಯ ಭದ್ರಾ ಅಭಯಾರಣ್ಯವು 1998ರಲ್ಲಿ ಆ ಯೋಜನೆಗೆ ಸೇರಿತು.

ಚೀಟಿಯೂ ಮಾದರಿಯೂ ಕಳೆದುಹೋದರೆ ಏನಾಗುತ್ತದೆಂಬುದಕ್ಕೆ ನಮ್ಮ ಜಿಲ್ಲೆಯದೇ ಒಂದು ಕಥೆಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು ದೊಡ್ಡ ವಿದ್ವಾಂಸರು. 1932ರಲ್ಲಿ ಹುಟ್ಟಿದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಅವರು 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವಿವರಿಸಿದರು. ಅವುಗಳಲ್ಲಿ ಒಂದಕ್ಕೆ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರನ್ನಿಟ್ಟರು. ಕಾಡಿನ ಝರಿಗಳ ಕಲ್ಲುಗಳ ಮೇಲೆ ಕುಳಿತು, ನೀರಿನ ಸದ್ದಿನಲ್ಲಿ ಕೂಗು ಕೇಳಿಸದೆಂದೋ ಏನೋ, ಹಿಂಗಾಲನ್ನು ಚಾಚಿ ಬೀಸಿ ಸಂಜ್ಞೆ ಮಾಡುವ ಕುಣಿಯುವ ಕಪ್ಪೆಗಳ ಬಳಗದ್ದು ಅದು. ಹೊಸ ಜೀವಿಗೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ಮೂಲ ಮಾದರಿಯನ್ನು ಕಾಪಾಡುವುದು ಶಾಸ್ತ್ರದ ನಿಯಮ. ಮುಂದೆ ಯಾರಿಗೆ ಸಂದೇಹ ಬಂದರೂ ಅದರೊಡನೆ ಹೋಲಿಸಿ ನೋಡಬೇಕು. ರಾಯರ ಮೂಲ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವೆಂದು ಈಚಿನ ವಿದ್ವಾಂಸರು ಬರೆದಿದ್ದಾರೆ. ಹಾಗಾದಾಗ ಹಳೆಯ ಹೆಸರು ಯಾವ ಕಪ್ಪೆಗೆ ಸಲ್ಲಬೇಕೆಂಬುದೇ ವಿವಾದವಾಗುತ್ತದೆ. ವಿದ್ವಾಂಸರು ಮತ್ತೆ ಅದೇ ಊರು, ಅದೇ ಝರಿಯನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಅಷ್ಟರಲ್ಲಿ ಝರಿಯು ಬತ್ತಿದ್ದರೆ? ಪ್ರಶ್ನೆಗೆ ಉತ್ತರವೂ ಬತ್ತಿತೆಂದೇ ಅರ್ಥ. ಸುದೈವದಿಂದ ಹೆಸರಿನಲ್ಲಿಯೇ ಊರು ಉಳಿದಿತ್ತು. 2014ರಲ್ಲಿ ಇದೇ ಕುಣಿಯುವ ಕಪ್ಪೆಗಳ ಬಳಗದಲ್ಲಿ 14 ಹೊಸ ಜಾತಿಗಳನ್ನು ಒಮ್ಮೆಲೇ ವಿವರಿಸಲಾಯಿತೆಂದರೆ ಸಹ್ಯಾದ್ರಿಯಲ್ಲಿ ಇನ್ನೂ ಎಷ್ಟು ಕೆಲಸವಿದೆಯೆಂದು ಊಹಿಸಬಹುದು.

ಸಂಗ್ರಹಾಲಯಗಳಿಗೂ ಮರಣವುಂಟು. 2016ರ ಏಪ್ರಿಲ್ 26ರ ಬೆಳಗಿನ ಜಾವದಲ್ಲಿ ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯವು ಬೆಂಕಿಗೆ ಆಹುತಿಯಾಯಿತು. ಕಟ್ಟಡವನ್ನು ಮತ್ತೆ ಕಟ್ಟಬಹುದು, ಗಾಜನ್ನು ಮತ್ತೆ ಕೊಳ್ಳಬಹುದು. ಇಂತಹ ದಿನ ಇಂತಹ ಸ್ಥಳದಲ್ಲಿ ದೊರೆತ ವಸ್ತುವನ್ನು ಮಾತ್ರ ಮತ್ತೆ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಮೈಸೂರಿನಂತಹ ಪ್ರಾದೇಶಿಕ ಸಂಗ್ರಹಾಲಯಗಳು ಇರುವುದು ಎಷ್ಟು ಅವಶ್ಯವೆಂಬುದನ್ನು ಆ ಬೆಂಕಿಯು ನೆನಪು ಮಾಡಿಕೊಡುತ್ತದೆ. ಎಲ್ಲವನ್ನೂ ಒಂದೇ ಮಾಡಿನ ಕೆಳಗೆ ಇಡುವುದು ವಿವೇಕವಲ್ಲ.

ನಮ್ಮ ಪಾಲಿನ ಕೆಲಸ

ಈಗ ನನ್ನ ಮಿತ್ರನ ಪ್ರಶ್ನೆಗೆ ಉತ್ತರ ಹೇಳಬಹುದು. ನಮ್ಮ ಕಾಡಿನಲ್ಲಿ ವಸ್ತುವಿದೆ, ಚೀಟಿಯಿಲ್ಲ. ಸಂಗ್ರಹಾಲಯದಲ್ಲಿ ಚೀಟಿಯಿದೆ, ಉಸಿರಿಲ್ಲ. ಗಾಜಿನ ಹಿಂದಿನ ಕಾಡಿನಲ್ಲಿ ಉಂಬಳ ಹತ್ತುವುದಿಲ್ಲ, ಆರಿದ್ರ ಮಳೆಯ ಸದ್ದು ಕೇಳುವುದಿಲ್ಲ, ಕೊಳೆತ ಎಲೆಯ ವಾಸನೆ ಬರುವುದಿಲ್ಲ. ಇದನ್ನು ಮರೆತು, ಪ್ರಕೃತಿಯೆಂದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟಿರುವ ವಸ್ತುವೆಂದು ತಿಳಿದರೆ ಸಂಗ್ರಹಾಲಯದಿಂದ ಅಪಕಾರವೇ ಆದೀತು. ಆದರೆ ಅಲ್ಲಿ ನೋಡುವ ಕ್ರಮವನ್ನು ಕಲಿತು ಇಲ್ಲಿಗೆ ಬಂದು ನೋಡಿದರೆ, ದಿನವೂ ತುಳಿದಾಡಿದ ನೆಲವೇ ಹೊಸದಾಗಿ ಕಾಣುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಮೀನುಗಳಿಗೆ ಮಂಡಕ್ಕಿ ಹಾಕದವರು ನಮ್ಮಲ್ಲಿ ಯಾರಿದ್ದಾರೆ? ಅವು ಯಾವ ಜಾತಿಯವು, ಬೇರೆಡೆ ಬಲೆಗೆ ಬೀಳುವ ಮೀನು ಅಲ್ಲಿ ಅಷ್ಟು ದೊಡ್ಡದಾಗಿ ಬೆಳೆಯಲು ಭಕ್ತಿಯು ಹೇಗೆ ಕಾರಣವಾಯಿತು ಎಂದು ವಿಚಾರಿಸಿದವರು ಎಷ್ಟು ಮಂದಿ? ಅದೊಂದು ಗೋಡೆಯಿಲ್ಲದ ಮತ್ಸ್ಯಾಲಯ. ಕಾಯಿದೆ ಬರುವುದಕ್ಕೂ ಬಹಳ ಮೊದಲೇ ನಂಬಿಕೆಯು ಅದನ್ನು ಕಾಪಾಡಿತು.

ನಮ್ಮ ಮನೆಯ ಅಜ್ಜಿಗೆ ತಂಬುಳಿಗೆ ಆಗುವ ಸೊಪ್ಪು ಕುಡಿಗಳ ಹೆಸರುಗಳು ಇಪ್ಪತ್ತಕ್ಕೂ ಮೇಲೆ ಗೊತ್ತು. ಒಂದೆಲಗ, ದೊಡ್ಡಪತ್ರೆ, ಎಲವರಿಗೆ, ಕಾಕೆ, ಪೇರಲೆಯ ಕುಡಿ ಎಂದು ಬೆರಳು ಮಡಿಸುತ್ತ ಹೋಗುತ್ತಾರೆ. ಯಾವುದನ್ನು ಯಾವ ತಿಂಗಳಲ್ಲಿ ಕೊಯ್ಯಬೇಕು, ಯಾವುದು ಬಾಣಂತಿಗೆ, ಯಾವುದು ಹೊಟ್ಟೆನೋವಿಗೆ ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿದೆ. ನನ್ನ ವಯಸ್ಸಿನವರಲ್ಲಿ ಐದಾರನ್ನು ಗುರುತಿಸುವವರೇ ಹೆಚ್ಚು. ಗಿಡವು ಬೇಲಿಯಲ್ಲಿ ಇನ್ನೂ ಇದೆ, ಹೆಸರು ಮಾತ್ರ ಒಂದು ತಲೆಮಾರಿನೊಡನೆ ಹೊರಟು ನಿಂತಿದೆ. ಹೆಸರು ಹೋದ ಗಿಡವು ಕಳೆಯೆಂದು ಕರೆಯಿಸಿಕೊಳ್ಳುತ್ತದೆ. ಕಳೆಯೆಂದ ಮೇಲೆ ಔಷಧಿ ಹೊಡೆಯಲು ಯಾರೂ ಹಿಂಜರಿಯುವುದಿಲ್ಲ. ದೆಹಲಿಯ ಬೆಂಕಿಯನ್ನು ಪತ್ರಿಕೆಗಳು ಬರೆದವು. ಈ ನಷ್ಟವನ್ನು ಬರೆಯುವವರು ನಾವೇ ಆಗಬೇಕು.

ಆದುದರಿಂದ ನನ್ನದೊಂದು ಸೂಚನೆ. ನಮ್ಮ ಕಾಲೇಜಿನ ವಿದ್ಯಾರ್ಥಿ ವಿದ್ಯಾರ್ಥಿನಿಯರಲ್ಲಿ ಒಬ್ಬೊಬ್ಬರು ಈ ರಜೆಯಲ್ಲಿ ತಮ್ಮ ಊರಿನ ಹಿರಿಯರನ್ನು ಕೇಳಿ ಹತ್ತು ಗಿಡಮರಗಳ ಅಥವಾ ಪ್ರಾಣಿಪಕ್ಷಿಗಳ ವಿಷಯವನ್ನು ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ತರಲಿ. ಊರಿನಲ್ಲಿ ಕರೆಯುವ ಹೆಸರು, ಕಂಡ ಸ್ಥಳ, ದಿನಾಂಕ, ಹೇಳಿದವರ ಹೆಸರು, ಉಪಯೋಗ ಎಂದು ಐದು ಅಂಕಣಗಳಿದ್ದರೆ ಸಾಕು. ಆರನೆಯ ಅಂಕಣವಾದ ಶಾಸ್ತ್ರೀಯ ಹೆಸರನ್ನು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಬಲ್ಲ ಅಧ್ಯಾಪಕರ ಸಹಾಯದಿಂದ ತುಂಬಬಹುದು. ಹಕ್ಕಿಯ ಗೂಡು, ಮೊಟ್ಟೆ, ಗರಿ, ಪ್ರಾಣಿಯ ಕೊಂಬು, ಚರ್ಮ ಯಾವುದನ್ನೂ ತರಕೂಡದು. ಅದಕ್ಕೆ ಕಾಯಿದೆಯ ಅಡ್ಡಿಯೂ ಇದೆ, ಅದರ ಅವಶ್ಯಕತೆಯೂ ಇಲ್ಲ. ಉದುರಿದ ಎಲೆಯೊಂದನ್ನು ಹಳೆಯ ಪತ್ರಿಕೆಯ ನಡುವೆ ಒಣಗಿಸಿ ಅಂಟಿಸಿದರೆ ಸಾಕು.

ಇದು ಸಣ್ಣ ಕೆಲಸವೆಂದು ಯಾರೂ ಭಾವಿಸಬಾರದು. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿ, ಕಂಡ ಸ್ಥಳ ಕಾಲಗಳನ್ನು ಬರೆದಿಟ್ಟರು. ಅದರಿಂದಲೇ ಇಂದಿನವರು ಅಂದು ಇದ್ದ ಹಕ್ಕಿ ಇಂದು ಅಲ್ಲಿ ಉಂಟೇ ಎಂದು ಹೋಲಿಸಲು ಸಾಧ್ಯವಾಗಿದೆ. ಕಲಾ ವಿಭಾಗದವರಿಗೆ ಇದು ಹೇಗೆ ಎಂಬ ಸಂಕೋಚವೂ ಬೇಡ. ಸಸ್ಯಶಾಸ್ತ್ರಜ್ಞರಾದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಗಿಡಗಳನ್ನು ಹುಡುಕಿ ಅಲೆದ ಅನುಭವವನ್ನು 'ಹಸುರು ಹೊನ್ನು' ಎಂಬ ಪುಸ್ತಕವಾಗಿ ಬರೆದಾಗ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವು ಬಂದಿತು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಒಂದು ಹಾರುವ ಓತಿಯನ್ನು ಹಿಡಿದುಕೊಂಡು 'ಕರ್ವಾಲೊ' ಎಂಬ ಕಾದಂಬರಿಯನ್ನೇ ಬರೆದರು. ಕನ್ನಡ ಬಲ್ಲವನಿಗೆ ಕಾಡು ಅನ್ಯವಲ್ಲ, ಕಾಡು ಬಲ್ಲವನಿಗೆ ಕನ್ನಡ ಸಾಲದೆಂಬುದೂ ಇಲ್ಲ.

ನಮ್ಮ ಕಾಲೇಜಿನ ಗ್ರಂಥಾಲಯದ ಒಂದು ಕಪಾಟಿನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿ ಹಳ್ಳಿಗಳಿಂದ ಬಂದ ಇಂತಹ ಟಿಪ್ಪಣಿ ಪುಸ್ತಕಗಳು ವರ್ಷಕ್ಕೆ ಐವತ್ತರಂತೆ ಸೇರುತ್ತ ಹೋದರೆ, ಹತ್ತು ವರ್ಷಗಳಲ್ಲಿ ಅದು ಯಾವ ದೊಡ್ಡ ನಗರದಲ್ಲಿಯೂ ದೊರೆಯದ ಸಂಗ್ರಹವಾಗುತ್ತದೆ. ನಾರ್ವೆಯ ಮೊದಲನೆಯ ಹತ್ತು ಪುಟಗಳನ್ನು ನಾನು ಬರೆಯತೊಡಗಿದ್ದೇನೆ. ಉಳಿದ ಊರುಗಳವರು ಮುಂದೆ ಬರಬೇಕಾಗಿ ಪ್ರಾರ್ಥನೆ.